ಗರಗಸದ ಹಲ್ಲು, ಹುಳದ ದವಡೆ: ನಮ್ಮ ಹೊಲದ ಬದುವಿಗೆ ಬಂದ ಚೈನಿನ ಕಥೆ

ಕಮಲಾಪುರ ಭಾಗದ ಬಡಿಗರ ಮನೆಯಲ್ಲಿ ಮೂರು ಮೂಲೆಯ ಕಾನಸು ಇದ್ದೇ ಇರುತ್ತದೆ. ಗರಗಸದ ಹಲ್ಲು ಮಸೆಯಲು ಅದೇ ಬೇಕು. ಈಗ ಊರೂರಿಗೆ ಕಟ್ಟಿಗೆ ಕೊಯ್ಯುವ ಪೆಟ್ರೋಲ್ ಮಷಿನ್ ಬಂದಿದೆ. ಅದರ ಚೈನ್ ಮಸೆಯಲು ಗುಂಡು ಕಾನಸು ಬೇಕು. ಮಷಿನ್ ಹೆಗಲಿಗೆ ಹಾಕಿಕೊಂಡು ಹೋಗುವವರ ಚೀಲದಲ್ಲಿ ಸ್ಪ್ಯಾನರ್ ಇರುತ್ತದೆ, ಪ್ಲಗ್ ಇರುತ್ತದೆ, ಟು-ಟಿ ಎಣ್ಣೆಯ ಬಾಟಲಿ ಇರುತ್ತದೆ. ಗುಂಡು ಕಾನಸು ಮಾತ್ರ ಅಪರೂಪ. ಹಲ್ಲು ಮೊಂಡಾದರೆ ಇರುವುದು ಎರಡೇ ದಾರಿ ಎಂದುಕೊಂಡವರು ಬಹಳ: ಮಷಿನ್ ಮೇಲೆ ಮೈಭಾರ ಹಾಕಿ ಒತ್ತುವುದು, ಇಲ್ಲವೇ ಕಲಬುರಗಿಗೆ ಹೋಗಿ ಹೊಸ ಚೈನ್ ತರುವುದು. ಮೊದಲನೆಯದು ಕೈಕಾಲಿಗೆ ಅಪಾಯ. ಎರಡನೆಯದು ಕೂಲಿಗೆ ಕತ್ತರಿ.

ಅಂಗಡಿಯಲ್ಲಿ ನಮ್ಮ ಜನ ಕೇಳುವುದೂ ಎರಡೇ ಪ್ರಶ್ನೆ. ಎಷ್ಟು ಸಿಸಿ? ಎಷ್ಟು ಇಂಚಿನ ಬಾರ್? ಆದರೆ ಕಟ್ಟಿಗೆ ಕೊಯ್ಯುವುದು ಹಲ್ಲು. ಎಂಜಿನ್ ಆ ಹಲ್ಲನ್ನು ಓಡಿಸುವ ಎತ್ತು ಅಷ್ಟೇ. ಮೂರು ಮೂಲೆಯ ಕಾನಸಿನಿಂದ ಗುಂಡು ಕಾನಸಿನವರೆಗೆ ಆ ಹಲ್ಲು ಬೆಳೆದು ಬಂದ ದಾರಿಯನ್ನು ತಿಳಿದರೆ, ಅಂಗಡಿಯಲ್ಲಿ ಏನು ಕೇಳಬೇಕು, ಮನೆಯಲ್ಲಿ ಏನು ಮಾಡಬೇಕು ಎಂಬುದು ಅರ್ಧ ತಿಳಿದಂತೆ. ಹಾಗಾಗಿ ಈ ಸಲ ನಾವು ಚೈನಿನ ಇತಿಹಾಸ ಬರೆಯುತ್ತಿದ್ದೇವೆ.

ಇಬ್ಬರು ಎಳೆಯುವ ಗರಗಸ

ಕಲಬುರಗಿ ಜಿಲ್ಲೆಯನ್ನು ಯಾರೂ ಕಾಡಿನ ಜಿಲ್ಲೆ ಎನ್ನುವುದಿಲ್ಲ. ಚಿಂಚೋಳಿಯ ಅರಣ್ಯ ಬಿಟ್ಟರೆ ನಮ್ಮ ಮರಗಳೆಲ್ಲ ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ರಸ್ತೆ ಪಕ್ಕದಲ್ಲಿ, ಗುಡಿಯ ಮುಂದೆ ನಿಂತವು. ಬೇವು, ಜಾಲಿ, ಹುಣಸೆ, ಮಾವು, ಬನ್ನಿ, ಆಲ. ಬಂಡಿಯ ಗಾಲಿಗೆ, ಕುಂಟೆಗೆ, ನೇಗಿಲಿಗೆ ಜಾಲಿ. ಬಾಗಿಲ ಚೌಕಟ್ಟಿಗೆ ಬೇವು. ಹುಣಸೆಯ ಒಳತಿರುಳಂತೂ ಒಣಗಿದ ಮೇಲೆ ಕಬ್ಬಿಣಕ್ಕೆ ಸವಾಲು ಹಾಕುತ್ತದೆ.

ಇಂಥ ಮರದ ಬೊಡ್ಡೆಯನ್ನು ಹಲಗೆ ಮಾಡಬೇಕಾದರೆ ಹಿಂದೆ ಇಬ್ಬರು ಬೇಕಿತ್ತು. ದಿಮ್ಮಿಯನ್ನು ಎತ್ತರಕ್ಕೆ ಏರಿಸಿ, ಮೇಲೊಬ್ಬ ಕೆಳಗೊಬ್ಬ ನಿಂತು ಉದ್ದ ಗರಗಸ ಎಳೆಯುತ್ತಿದ್ದರು. ಕೆಳಗಿನವನ ಕಣ್ಣಿಗೆ ತಲೆಗೆಲ್ಲ ಹೊಟ್ಟು. ಆ ಗರಗಸದ ಹಲ್ಲನ್ನು ನೋಡಿ: ಚೂಪಾದ ತ್ರಿಕೋನಗಳು, ಒಂದು ಎಡಕ್ಕೆ ಬಾಗಿದೆ, ಇನ್ನೊಂದು ಬಲಕ್ಕೆ. ಹಾಗೆ ಬಾಗಿಸದಿದ್ದರೆ ಗರಗಸ ತಾನೇ ಕೊಯ್ದ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ. ಈ ಹಲ್ಲು ಕಟ್ಟಿಗೆಯ ನಾರನ್ನು ಉಗುರಿನಿಂದ ಗೀರಿದಂತೆ ಗೀರುತ್ತದೆ. ಗೀರಿ ಗೀರಿ ಪುಡಿ ಮಾಡಿ ಹೊರಗೆ ಎಳೆಯುತ್ತದೆ. ಕೆಲಸ ನಿಧಾನ, ಆದರೆ ಮನುಷ್ಯನ ತೋಳಿನ ವೇಗಕ್ಕೆ ಅದು ಸರಿಹೊಂದಿತ್ತು.

ಇದರ ನಡುವೆ ನಮ್ಮ ನೆಲಕ್ಕೆ ಹೊರಗಿನಿಂದ ಒಂದು ಮರ ಬಂತು. ಬಳ್ಳಾರಿ ಜಾಲಿ ಎಂದು ನಾವು ಕರೆಯುವ ಈ ಮರ ಬಳ್ಳಾರಿಯದಲ್ಲ, ಅಮೆರಿಕ ಖಂಡದ್ದು. 1870ರ ದಶಕದ ಕೊನೆಯಲ್ಲಿ ಬ್ರಿಟಿಷರು ಉರುವಲಿಗೆಂದು ಅದರ ಬೀಜವನ್ನು ಈ ದೇಶದಲ್ಲಿ ಬಿತ್ತಿಸಿದರು. ಈಗ ಅದಿಲ್ಲದ ಹಳ್ಳದ ದಂಡೆ, ಬೀಳು ಹೊಲ ನಮ್ಮಲ್ಲಿ ಹುಡುಕಬೇಕು. ಕೊಡಲಿಯಿಂದ ಅದನ್ನು ಕಡಿಯುವುದು ಎಷ್ಟು ಕಷ್ಟ ಎಂದು ಕಡಿದವರಿಗೇ ಗೊತ್ತು. ಬುಡದಿಂದಲೇ ಹತ್ತು ಟೊಂಗೆ, ಕೈ ಹಾಕಲು ಜಾಗವಿಲ್ಲದಷ್ಟು ಮುಳ್ಳು, ಗಟ್ಟಿ ಕಟ್ಟಿಗೆ, ಕಡಿದಷ್ಟೂ ಮತ್ತೆ ಚಿಗುರು. ನಮ್ಮ ಭಾಗದ ಹೊಲಗಳಲ್ಲಿ ಪೆಟ್ರೋಲ್ ಮಷಿನ್ನಿಗೆ ಅತಿ ಹೆಚ್ಚು ಕೆಲಸ ಕೊಟ್ಟ ಮರ ಇದೇ ಎಂದು ನಮಗೆ ಅನಿಸುತ್ತದೆ. ಆ ಮಷಿನ್ ಹುಟ್ಟಿದ್ದು ಮಾತ್ರ ಮರ ಕಡಿಯಲಿಕ್ಕಲ್ಲ.

ಎಲುಬು ಕೊಯ್ದ ಚೈನ್

18ನೇ ಶತಮಾನದ ಕೊನೆಗೆ ಸ್ಕಾಟ್ಲೆಂಡಿನಲ್ಲಿ ಜಾನ್ ಐಟ್ಕನ್ ಮತ್ತು ಜೇಮ್ಸ್ ಜೆಫ್ರಿ ಎಂಬ ಇಬ್ಬರು ವೈದ್ಯರಿದ್ದರು. ಹೆರಿಗೆಯಲ್ಲಿ ಮಗು ಸಿಕ್ಕಿಕೊಂಡಾಗ ತಾಯಿಯ ಸೊಂಟದ ಎಲುಬಿನ ಕೂಡನ್ನು ಬಿಡಿಸಲು, ಕೊಳೆತ ಎಲುಬನ್ನು ತೆಗೆಯಲು, ಗಡಿಯಾರದ ಸರಪಳಿಯಂಥ ಸಣ್ಣ ಹಲ್ಲಿನ ಚೈನನ್ನು ಅವರು ಬಳಕೆಗೆ ತಂದರು. ಎರಡೂ ತುದಿಗೆ ಹಿಡಿಕೆ, ಅತ್ತ ಇತ್ತ ಎಳೆಯುವುದು. ಅರಿವಳಿಕೆ ಇಲ್ಲದ ಕಾಲ ಅದು. ಓದುವಾಗಲೇ ಮೈ ಜುಂ ಎನ್ನುತ್ತದೆ.

1830ರ ಹೊತ್ತಿಗೆ ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಇನ್ನೊಂದು ಹೆಜ್ಜೆ ಇಟ್ಟ. ಚೈನಿನ ಎರಡು ತುದಿಯನ್ನು ಜೋಡಿಸಿ ಕೊನೆಯಿಲ್ಲದ ಸುತ್ತು ಮಾಡಿದ. ಅದನ್ನು ಒಂದು ಚಪ್ಪಟೆ ಅಲಗಿನ ಸುತ್ತ ಓಡುವಂತೆ ಕೂಡಿಸಿ, ಕೈಯಿಂದ ತಿರುಗಿಸುವ ಹಿಡಿಕೆ ಇಟ್ಟ. ನಾವು ಇಂದು ಬಾರ್ ಎನ್ನುವ ಪಟ್ಟಿಯ ಮೂಲ ಈ ಅಲಗು. ಬಾರಿನ ಕೆಲಸ ಅಂದೂ ಇಂದೂ ಒಂದೇ: ಚೈನಿಗೆ ದಾರಿ ತೋರಿಸುವುದು. ತಾನು ಕೊಯ್ಯುವುದಿಲ್ಲ. ಆದರೆ ದಾರಿ ಸೊಟ್ಟಗಾದರೆ ಎಷ್ಟೇ ಚೂಪಾದ ಚೈನ್ ಇದ್ದರೂ ಸೊಟ್ಟಗೆ ಕೊಯ್ಯುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ.

ಮರಕ್ಕೆ ಚೈನ್ ಬಂದದ್ದು ಆಮೇಲೆ. 1926ರಲ್ಲಿ ಜರ್ಮನಿಯ ಆಂದ್ರೆಯಾಸ್ ಸ್ಟಿಲ್ ಕರೆಂಟಿನ ಚೈನ್ ಗರಗಸ ಮಾಡಿದ. ಮಾರನೇ ವರ್ಷ ಎಮಿಲ್ ಲೆರ್ಪ್ ಎಂಬಾತ ಪೆಟ್ರೋಲಿನದನ್ನು ಡೋಲ್ಮಾರ್ ಎಂಬ ಬೆಟ್ಟದ ಮೇಲೆ ಓಡಿಸಿ ತೋರಿಸಿದ. ಬೆಟ್ಟದ ಹೆಸರೇ ಅವನ ಕಂಪನಿಗೂ ಬಂತು. ಆ ಮಷಿನ್ ತೂಕ 58 ಕೆಜಿ. ಸಿಮೆಂಟ್ ಚೀಲಕ್ಕಿಂತ ಭಾರ. ಇಬ್ಬರು ಹಿಡಿಯಬೇಕು, ನಮ್ಮ ಹಳೇ ಗರಗಸದ ಹಾಗೆಯೇ. ಒಬ್ಬನೇ ಎತ್ತಿ ಕೊಯ್ಯುವಷ್ಟು ಹಗುರಾಗಲು 1950ರವರೆಗೆ ಕಾಯಬೇಕಾಯಿತು. ಆಗಲೂ ಸ್ಟಿಲ್ ಕಂಪನಿಯ ಒಂಟಿ ಆಳಿನ ಮಷಿನ್ 16 ಕೆಜಿ ಇತ್ತು.

ಎಂಜಿನ್ ಹಗುರಾಗುತ್ತಿದ್ದರೂ ಹಲ್ಲು ಮಾತ್ರ ಹಳೆಯದೇ ಇತ್ತು. ಗರಗಸದ ಹಲ್ಲನ್ನೇ ಕತ್ತರಿಸಿ ಚೈನಿಗೆ ಜೋಡಿಸಿದಂತೆ. ಗೀರುವ ಹಲ್ಲು, ಗೀರಿದ್ದನ್ನು ಕೆರೆದು ತೆಗೆಯುವ ಹಲ್ಲು, ಹೀಗೆ ಸಾಲಾಗಿ. ತೋಳಿನ ವೇಗಕ್ಕೆ ಮಾಡಿದ ಹಲ್ಲನ್ನು ಎಂಜಿನ್ ವೇಗಕ್ಕೆ ಓಡಿಸಿದರೆ ಏನಾಗಬೇಕೋ ಅದೇ ಆಯಿತು. ಬೇಗ ಮೊಂಡಾಗುತ್ತಿತ್ತು, ಮಸೆಯಲು ಪಳಗಿದ ಕೈಯೇ ಬೇಕಿತ್ತು, ಕೊಯ್ಯುವ ಹೊತ್ತಿಗಿಂತ ಕಾನಸು ಹಿಡಿದ ಹೊತ್ತು ದೊಡ್ಡದಾಗುತ್ತಿತ್ತು.

ಹುಳ ಕಲಿಸಿದ ಪಾಠ

ಇಲ್ಲಿ ಕಥೆಗೆ ಒಂದು ಹುಳ ಬರುತ್ತದೆ. 1946ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಜೋ ಕಾಕ್ಸ್ ಎಂಬ ಕಟ್ಟಿಗೆ ಕೆಲಸದವನು ಸೌದೆ ಒಡೆಯುತ್ತಿದ್ದ. ಒಂದು ಬೊಡ್ಡೆಯೊಳಗೆ ಬೆರಳು ಗಾತ್ರದ ಬಿಳಿ ಹುಳ ಸಿಕ್ಕಿತು. ಮರ ಕೊರೆಯುವ ಜೀರುಂಡೆಯ ಮರಿ. ಮಾವಿನ ತೋಟ ಇರುವವರಿಗೆ ಇದರ ಪರಿಚಯ ಬೇಕಿಲ್ಲ. ನಮ್ಮ ಮಾವಿನ ಕಾಂಡ ಕೊರೆಯುವ ಹುಳವೂ ಅದೇ ಕುಟುಂಬದ್ದು. ನಾವು ಅದನ್ನು ಕಂಡರೆ ತಂತಿ ಚುಚ್ಚಿ ಎಳೆದು ಸಾಯಿಸುತ್ತೇವೆ. ಕಾಕ್ಸ್ ಕೂತು ನೋಡಿದ. ಹುಳ ಕಟ್ಟಿಗೆಯನ್ನು ನಾರಿನ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ತಿನ್ನುತ್ತಿತ್ತು. ಅದು ಗೀರುತ್ತಿರಲಿಲ್ಲ. ಕೊಕ್ಕೆಯಂತೆ ಬಾಗಿದ ಎರಡು ದವಡೆಯಿಂದ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಚಕ್ಕೆ ಕೀಳುತ್ತಿತ್ತು.

ಅದೇ ದವಡೆಯನ್ನು ಕಾಕ್ಸ್ ಉಕ್ಕಿನಲ್ಲಿ ಮಾಡಿದ. ಒಂದು ಹಲ್ಲು ಎಡಕ್ಕೆ ಬಾಗಿದೆ, ಮುಂದಿನದು ಬಲಕ್ಕೆ. ಪ್ರತಿ ಹಲ್ಲಿನ ಮುಂದೆ ಒಂದು ಗಿಡ್ಡ ಮೂಗು. ಹಲ್ಲು ಎಷ್ಟು ಆಳಕ್ಕೆ ಇಳಿಯಬೇಕು ಎಂದು ಆ ಮೂಗು ನಿರ್ಧರಿಸುತ್ತದೆ. 1947ರಲ್ಲಿ ಪೋರ್ಟ್‌ಲ್ಯಾಂಡ್ ಊರಿನ ತನ್ನ ಮನೆಯ ನೆಲಮಾಳಿಗೆಯಲ್ಲೇ ಚೈನ್ ಮಾಡಲು ಶುರು ಮಾಡಿದ. ಅಂಗಡಿಗಳಲ್ಲಿ ಒರೆಗಾನ್ ಎಂಬ ಹೆಸರಿನ ಚೈನ್, ಬಾರ್ ನೋಡಿರುತ್ತೀರಿ. ಅದರ ಮೂಲ ಆ ನೆಲಮಾಳಿಗೆ.

ಇಂದು ನಿಮ್ಮ ಮಷಿನ್ ಯಾವ ಕಂಪನಿಯದೇ ಇರಲಿ, ಯಾವ ದೇಶದ್ದೇ ಇರಲಿ, ಅದರ ಚೈನಿನಲ್ಲಿ ಇರುವುದು ಆ ಹುಳದ ದವಡೆ. ಹಲ್ಲಿನ ಒಳಮೈ ಬಾಗಿರುವುದರಿಂದಲೇ ಮೂರು ಮೂಲೆಯ ಕಾನಸು ಅದರೊಳಗೆ ಕೂರುವುದಿಲ್ಲ, ಗುಂಡು ಕಾನಸು ಕೂರುತ್ತದೆ. ಬಡಿಗರ ಕೈಯ ಕಾನಸು ಬದಲಾದದ್ದು ಅಲ್ಲಿ.

ಈ ಇತಿಹಾಸದಲ್ಲಿ ನಮ್ಮ ಭಾಗದವರು ಗಮನಿಸಬೇಕಾದ ಒಂದು ತಿರುವು ಇದೆ. ಕಾಕ್ಸ್ ಮಾಡಿದ ಹಲ್ಲಿನ ಭುಜ ದುಂಡಗಿತ್ತು. ಆಮೇಲೆ ಬಂದವರು ಇನ್ನೂ ವೇಗ ಬೇಕೆಂದು ಆ ಭುಜವನ್ನು ಚೌಕ ಮಾಡಿದರು. ಅದಕ್ಕೆ ಫುಲ್ ಚಿಸೆಲ್ ಎನ್ನುತ್ತಾರೆ. ಹಸಿ, ಸ್ವಚ್ಛ, ಮೆತ್ತಗಿನ ಮರದಲ್ಲಿ ಅದು ಬೆಣ್ಣೆ ಕೊಯ್ದಂತೆ ಹೋಗುತ್ತದೆ. ಆದರೆ ಆ ಚೂಪು ಮೂಲೆ ನಾಜೂಕು. ಸ್ವಲ್ಪ ಧೂಳು, ಸ್ವಲ್ಪ ಮಣ್ಣು ತಾಗಿದರೂ ಮೂಲೆ ಹೋಗುತ್ತದೆ, ಮೂಲೆ ಹೋದರೆ ಎಲ್ಲ ಹೋದಂತೆ. ದುಂಡು ಭುಜದ್ದಕ್ಕೆ ಈಗ ಸೆಮಿ ಚಿಸೆಲ್ ಎನ್ನುತ್ತಾರೆ. ವೇಗ ತುಸು ಕಡಿಮೆ, ಬಾಳಿಕೆ ಹೆಚ್ಚು.

ನಮ್ಮ ಕಟ್ಟಿಗೆ ಯಾವುದು? ಒಣಗಿದ ಹುಣಸೆ, ಜಾಲಿ, ರಸ್ತೆಯ ಧೂಳು ಕುಡಿದ ಬೇವು, ಬುಡಕ್ಕೆ ಕಪ್ಪು ಮಣ್ಣು ಮೆತ್ತಿಕೊಂಡ ಬಳ್ಳಾರಿ ಜಾಲಿ. ಹಾಗಾಗಿ ಅಂಗಡಿಯವರು ಫಾಸ್ಟ್ ಇದೆ ಸರ್ ಎಂದು ಚೌಕ ಹಲ್ಲಿನದನ್ನು ಮುಂದಿಟ್ಟರೆ ಬೇಡ ಎನ್ನಿ. ಎಪ್ಪತ್ತೈದು ವರ್ಷಕ್ಕೂ ಹಳೆಯ ದುಂಡು ಭುಜವೇ ಕಲಬುರಗಿಯ ಧೂಳಿಗೆ ಸರಿ. ಬಾಯಿಂದ ಕೇಳಲು ಬರದಿದ್ದರೆ ಹಲ್ಲನ್ನು ಎದುರಿನಿಂದ ನೋಡಿ. ಮೇಲಿನ ತಗಡು ಪಕ್ಕಕ್ಕೆ ಇಳಿಯುವ ಕಡೆ ಮೂಲೆ ಇದ್ದರೆ ಫುಲ್, ತಿರುವು ಇದ್ದರೆ ಸೆಮಿ.

ಮೂರು ಅಂಕಿ

ಆಮದಿನ ಕಟ್ಟುಪಾಡು 1991ರ ನಂತರ ಹಂತ ಹಂತವಾಗಿ ಸಡಿಲವಾಯಿತು. ದೊಡ್ಡ ಕಂಪನಿಗಳ ಮಷಿನ್ ಜೊತೆಗೆ ಚೀನಾದ ಅಗ್ಗದ ಮಷಿನ್‌ಗಳೂ ಬಂದವು. 58 ಸಿಸಿ, 22 ಇಂಚಿನ ಬಾರ್ ಎಂದು ಬರೆದ ಡಬ್ಬಿಗಳನ್ನು ನೋಡದವರಿಲ್ಲ. ಒಂದೊಂದರ ಮೇಲೂ ಒಂದೊಂದು ಹೆಸರು, ಬಣ್ಣವೂ ಬೇರೆ, ಒಳಗೆ ಹೆಚ್ಚುಕಮ್ಮಿ ಒಂದೇ ಮಷಿನ್. ಇದರಿಂದ ಒಂದು ಉಪಕಾರವಾಯಿತು: ಬಿಡಿಭಾಗ ಎಲ್ಲೆಡೆ ಸಿಗುತ್ತದೆ. ಒಂದು ತೊಂದರೆಯೂ ಆಯಿತು: 22 ಇಂಚಿನ ಚೈನ್ ಕೊಡಿ ಎಂದು ಕೇಳಿದರೆ ಸಾಕು ಎಂದು ಜನ ನಂಬಿದರು.

ಸಾಲದು. ಚೈನಿಗೆ ಇಂಚಿನ ಲೆಕ್ಕವೇ ಇಲ್ಲ. ಇರುವುದು ಮೂರು ಅಂಕಿ, ಮೂರೂ ಕೂಡಬೇಕು.

ಒಂದು, ಪಿಚ್. ಅಕ್ಕಪಕ್ಕದ ಮೂರು ರಿವಿಟ್ ಹಿಡಿಯಿರಿ, ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿಗೆ ಅಳೆಯಿರಿ, ಅರ್ಧ ಮಾಡಿ. ಅದೇ ಪಿಚ್. ಅಳತೆ ಸುಮಾರು 16.5 ಮಿಲಿಮೀಟರ್ ಬಂದರೆ 0.325 ಪಿಚ್. ಸುಮಾರು 18.6 ಬಂದರೆ 3/8. ಎಂಜಿನ್ ಪಕ್ಕದ ಸ್ಪ್ರಾಕೆಟ್, ಬಾರ್ ಮೂಗಿನಲ್ಲಿರುವ ಸಣ್ಣ ಸ್ಪ್ರಾಕೆಟ್, ಚೈನ್ ಮೂರಕ್ಕೂ ಒಂದೇ ಪಿಚ್ ಇರಬೇಕು. ಬೇರೆ ಇದ್ದರೆ ಒಂದನ್ನೊಂದು ತಿಂದು ಹಾಕುತ್ತವೆ.

ಎರಡು, ಗೇಜ್. ಚೈನಿನ ಕೆಳಗೆ ಶಾರ್ಕ್ ಮೀನಿನ ರೆಕ್ಕೆಯಂತೆ ಇಳಿಬಿದ್ದ ಕೊಂಡಿಗಳಿವೆಯಲ್ಲ, ಡ್ರೈವ್ ಲಿಂಕ್, ಅವುಗಳ ದಪ್ಪ. 1.3, 1.5, 1.6 ಮಿಲಿಮೀಟರ್ ಹೀಗೆ. ಬಾರಿನ ಗಾಡಿಯೂ ಅಷ್ಟೇ ಅಗಲ ಇರಬೇಕು. 1.5ರ ಚೈನ್ 1.3ರ ಗಾಡಿಗೆ ಇಳಿಯುವುದೇ ಇಲ್ಲ, ಅದು ಒಳ್ಳೆಯದೇ, ತಪ್ಪು ಅಲ್ಲೇ ಗೊತ್ತಾಗುತ್ತದೆ. ಮೋಸವಾಗುವುದು ಉಲ್ಟಾ ಆದಾಗ. 1.3ರ ಚೈನ್ 1.5ರ ಗಾಡಿಗೆ ಸಲೀಸಾಗಿ ಕೂರುತ್ತದೆ, ಓಡುತ್ತದೆ, ಕೊಯ್ಯುತ್ತದೆ ಕೂಡ. ಆದರೆ ಒಂದು ಕಡೆ ವಾಲಿ ಓಡುತ್ತದೆ. ಕೊಯ್ತ ಸೊಟ್ಟ, ಬಾರ್ ಸವೆತ, ಚೈನ್ ಕಳಚುವ ಭಯ.

ಮೂರು, ಡ್ರೈವ್ ಲಿಂಕ್ ಎಣಿಕೆ. ಮೊದಲನೆಯದಕ್ಕೆ ಸುಣ್ಣದ ಗುರುತು ಹಾಕಿ ಎಣಿಸಿ. ಅಗ್ಗದ 58 ಸಿಸಿ ಮಷಿನ್‌ಗಳಲ್ಲಿ 0.325 ಪಿಚ್, 1.5 ಗೇಜ್ ಸಾಮಾನ್ಯ. 22 ಇಂಚಿನ ಬಾರಿಗೆ 86, 20 ಇಂಚಿಗೆ 76, 18 ಇಂಚಿಗೆ 72 ಲಿಂಕ್ ಬರುತ್ತವೆ. ಆದರೂ ನಿಮ್ಮದನ್ನು ಎಣಿಸಿಯೇ ಹೋಗಿ. ಕಮಲಾಪುರದಿಂದ ಕಲಬುರಗಿಗೆ ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ಅರ್ಧ ದಿನದ ಕೂಲಿ ಹೋಗಿರುತ್ತದೆ. ತಪ್ಪು ಚೈನ್ ತಂದರೆ ಇನ್ನರ್ಧವೂ ಹೋಗುತ್ತದೆ. ಪಿಚ್, ಗೇಜ್, ಎಣಿಕೆ ಬಹುತೇಕ ಬಾರಿನ ಬುಡದಲ್ಲೇ ಒತ್ತಿರುತ್ತಾರೆ. ಎಣ್ಣೆ ಜಿಡ್ಡು ಒರೆಸಿ, ಫೋನಿನಲ್ಲಿ ಫೋಟೊ ತೆಗೆದು ಇಟ್ಟುಕೊಳ್ಳಿ.

ಈಗ ಬಾರಿನ ಉದ್ದದ ಮಾತು. 22 ಇಂಚಿನ ಬಾರ್ ನೋಡಲು ಗತ್ತು. ನಮ್ಮ ಮಾತು ಕೇಳಿದರೆ ಹೊಲದ ಕೆಲಸಕ್ಕೆ 18 ಸಾಕು, ಬಳ್ಳಾರಿ ಜಾಲಿಗೆ 16 ಇದ್ದರೂ ನಡೆಯುತ್ತದೆ. ದಪ್ಪ ಬೊಡ್ಡೆಯನ್ನು ಎರಡೂ ಕಡೆಯಿಂದ ಕೊಯ್ಯಬಹುದು. ಉದ್ದ ಬಾರ್ ಎಂದರೆ ಅದೇ ಎಂಜಿನ್ ಹೆಚ್ಚು ಚೈನ್ ಎಳೆಯಬೇಕು, ಹೆಚ್ಚು ಎಣ್ಣೆ ಬೇಕು, ಮಸೆಯಲು ಹೆಚ್ಚು ಹಲ್ಲು. 86 ಲಿಂಕಿನ ಚೈನಿನಲ್ಲಿ 43 ಹಲ್ಲು, 72ರದ್ದರಲ್ಲಿ 36. ಎಲ್ಲಕ್ಕಿಂತ ಮುಖ್ಯ, ಬಾರಿನ ಮೂಗು ಎಲ್ಲಿದೆ ಎಂದು ನಿಮಗೆ ಕಾಣುತ್ತಿರಬೇಕು. ಮೂಗಿನ ಮೇಲ್ಭಾಗ ಇನ್ನೊಂದು ಟೊಂಗೆಗೆ ತಾಗಿದರೆ ಇಡೀ ಬಾರ್ ಚಿಮ್ಮಿ ಮುಖದ ಕಡೆ ಬರುತ್ತದೆ. ಚೈನ್ ಓಡುವುದು ಸೆಕೆಂಡಿಗೆ ಸುಮಾರು 20 ಮೀಟರ್, ಅಂದರೆ ಗಂಟೆಗೆ 70 ಕಿಲೋಮೀಟರ್. ಕೈ ಎಳೆದುಕೊಳ್ಳಲು ಸಮಯ ಸಿಗುವುದಿಲ್ಲ. ಇದಕ್ಕೆಂದೇ 1970ರ ದಶಕದಲ್ಲಿ ತಾನಾಗಿ ಚೈನ್ ನಿಲ್ಲಿಸುವ ಬ್ರೇಕ್ ಬಂತು. ಮುಂದಿನ ಹಿಡಿಕೆಯ ಎದುರಿಗೆ ಇರುವ ಪ್ಲಾಸ್ಟಿಕ್ ಗಾರ್ಡ್ ಅದರದ್ದೇ ಸನ್ನೆ. ಅದು ಮುರಿದಿದ್ದರೂ ತಂತಿ ಕಟ್ಟಿ ಕೆಲಸ ಮಾಡುವವರನ್ನು ನಾವು ಕಂಡಿದ್ದೇವೆ. ಬಳ್ಳಾರಿ ಜಾಲಿಯ ಪೊದೆಯಲ್ಲಿ ಹತ್ತು ಟೊಂಗೆಯ ನಡುವೆ ಬಾರಿನ ಮೂಗು ಎಲ್ಲಿಗೆ ತಾಗೀತು ಎಂದು ಹೇಳಲಾಗದು. ಹೊಸ ಚೈನ್ ತರುವ ಮೊದಲು ಆ ಗಾರ್ಡ್ ಹಾಕಿಸಿ.

ಮಸೆಯುವುದು

ಹಲ್ಲು ಮೊಂಡಾಗಿದೆ ಎಂದು ತಿಳಿಯಲು ಹಲ್ಲು ನೋಡಬೇಕಿಲ್ಲ, ನೆಲ ನೋಡಿ. ಚಕ್ಕೆ ಬೀಳುತ್ತಿದ್ದರೆ ಹುಳದ ದವಡೆ ಕೆಲಸ ಮಾಡುತ್ತಿದೆ. ಹಿಟ್ಟಿನಂಥ ಪುಡಿ ಬೀಳುತ್ತಿದ್ದರೆ ಹಲ್ಲು ಕೀಳುವುದನ್ನು ಬಿಟ್ಟು ಉಜ್ಜುತ್ತಿದೆ. ಆಗ ನಿಲ್ಲಿಸಿ. ಒಂದು ಕ್ಷಣ ನೆಲಕ್ಕೆ ಅಥವಾ ಕಲ್ಲಿಗೆ ತಾಗಿದರೂ ಮೊಂಡಾಗುತ್ತದೆ. ಜಾಲಿಯ ಬುಡ ಕೊಯ್ಯುವ ಮೊದಲು ಕೊಡಲಿಯಿಂದ ಮಣ್ಣು ಮೆತ್ತಿದ ತೊಗಟೆಯನ್ನು ಎರಡು ಏಟಿನಲ್ಲಿ ಕೆತ್ತಿ ತೆಗೆದರೆ ಅರ್ಧ ಗಂಟೆ ಮಸೆಯುವುದು ಉಳಿಯುತ್ತದೆ. ರಸ್ತೆ ಬದಿಯ ಬೇವಿನಲ್ಲಿ ಇನ್ನೊಂದು ಕಾಟ: ಅಂಗಡಿ ಬೋರ್ಡಿನ ಮೊಳೆ, ಬ್ಯಾನರಿನ ತಂತಿ, ಎಂದೋ ಹೊಡೆದದ್ದನ್ನು ತೊಗಟೆ ನುಂಗಿರುತ್ತದೆ. ತೊಗಟೆ ಉಬ್ಬಿದ ಜಾಗ ಬಿಟ್ಟು ಒಂದು ಅಡಿ ಮೇಲೆ ಕೊಯ್ಯಿರಿ. ಇನ್ನು, ಕೆಂಪು ಬಾಳೆಯ ಊರಿನವರಾಗಿ ಒಂದು ಮಾತು: ಬಾಳೆಯ ದಿಂಡಿಗೆ ಈ ಮಷಿನ್ ಹಚ್ಚಬೇಡಿ. ನಾರು ಸ್ಪ್ರಾಕೆಟ್ಟಿಗೆ ಸುತ್ತಿಕೊಳ್ಳುತ್ತದೆ. ಬಾಳೆಗೆ ಕುಡುಗೋಲೇ ಸಾಕು.

0.325 ಪಿಚ್ಚಿಗೆ 4.8 ಮಿಲಿಮೀಟರ್ ಗುಂಡು ಕಾನಸು. ಸಣ್ಣ ಮಷಿನ್‌ಗಳ ಗಿಡ್ಡ ಹಲ್ಲಿನ 3/8 ಚೈನಿಗೆ 4 ಮಿಲಿಮೀಟರಿನದು. ತಪ್ಪು ಗಾತ್ರದ್ದು ಹಿಡಿದರೆ ದವಡೆಯ ಬಾಗು ಕೆಡುತ್ತದೆ. ಬಾರನ್ನು ಮರದ ತುಂಡಿನ ಸಂದಿಗೆ ಸಿಕ್ಕಿಸಿ ಅಲುಗಾಡದಂತೆ ಮಾಡಿ, ಚೈನ್ ಬ್ರೇಕ್ ಹಾಕಿ. ಎಲ್ಲಕ್ಕಿಂತ ಸಣ್ಣ ಹಲ್ಲನ್ನು ಹುಡುಕಿ, ಅದರಿಂದ ಶುರು ಮಾಡಿ. ಉಳಿದವೆಲ್ಲ ಅದರ ಅಳತೆಗೆ ಬರಬೇಕು. ಕಾನಸನ್ನು ಹಲ್ಲಿನ ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಿ, ಹಿಂದಕ್ಕೆ ತರುವಾಗ ಎತ್ತಿ. ಕಾನಸಿನ ಐದನೇ ಒಂದು ಭಾಗ ಹಲ್ಲಿನ ನೆತ್ತಿಗಿಂತ ಮೇಲೆ ಕಾಣುತ್ತಿರಲಿ. ಕೋನ 30 ಡಿಗ್ರಿ. ಬಹಳ ಚೈನ್‌ಗಳಲ್ಲಿ ಹಲ್ಲಿನ ನೆತ್ತಿಯ ಹಿಂದೆ ಓರೆ ಗೆರೆ ಒತ್ತಿರುತ್ತಾರೆ, ಅದರ ಜೊತೆ ಸಮನಾಗಿ ಹಿಡಿದರಾಯಿತು. ಒಣ ಹುಣಸೆಯೇ ದಿನವಿಡೀ ಇದ್ದರೆ 25ಕ್ಕೆ ಇಳಿಸಿ, ಅಂಚು ಹೆಚ್ಚು ಹೊತ್ತು ತಾಳುತ್ತದೆ. ಒಂದು ಕಡೆಯ ಹಲ್ಲೆಲ್ಲ ಮುಗಿಸಿ ಇನ್ನೊಂದು ಕಡೆಗೆ ಹೋಗಿ. ಎಡಕ್ಕೆ ನಾಲ್ಕು ಸಲ ತಳ್ಳಿ ಬಲಕ್ಕೆ ಏಳು ಸಲ ತಳ್ಳಿದರೆ ಮಷಿನ್ ಒಂದು ಕಡೆ ಎಳೆಯುತ್ತಾ ಬಿಲ್ಲಿನಂತೆ ಕೊಯ್ಯುತ್ತದೆ.

ಹಲ್ಲಿನ ಹೊರಮೈಗೆ ತೆಳುವಾಗಿ ಕ್ರೋಮ್ ಲೇಪ ಇರುತ್ತದೆ. ಕೊಯ್ಯುವ ಅಂಚಿನ ಜೀವ ಅದೇ. ಕಲ್ಲಿಗೆ ತಾಗಿ ಅದು ಉದುರಿದ್ದರೆ ಉದುರಿದಷ್ಟೂ ಹಿಂದಕ್ಕೆ ಮಸೆಯಬೇಕು. ಅರ್ಧಕ್ಕೆ ಬಿಟ್ಟರೆ ಚೂಪಾದಂತೆ ಕಾಣುತ್ತದೆ, ಎರಡು ಕೊಯ್ತಕ್ಕೆ ಮತ್ತೆ ಮೊಂಡು.

ಹಲ್ಲಿನ ಮುಂದಿನ ಆ ಗಿಡ್ಡ ಮೂಗನ್ನು ಮರೆಯುವವರೇ ಹೆಚ್ಚು. ಮಸೆದಂತೆಲ್ಲ ಹಲ್ಲು ತಗ್ಗಾಗುತ್ತದೆ, ಮೂಗು ಮಾತ್ರ ಹಾಗೇ ನಿಂತಿರುತ್ತದೆ. ಕೊನೆಗೆ ಹಲ್ಲು ಎಷ್ಟೇ ಚೂಪಿದ್ದರೂ ಕಟ್ಟಿಗೆಗೆ ಮುಟ್ಟುವುದಿಲ್ಲ. ನಾಲ್ಕು ಸಲ ಮಸೆದ ಮೇಲೆ ಒಮ್ಮೆ ಚಪ್ಪಟೆ ಕಾನಸಿನಿಂದ ಮೂಗನ್ನು ಇಳಿಸಬೇಕು, ಹಲ್ಲಿಗಿಂತ 0.65 ಮಿಲಿಮೀಟರ್ ತಗ್ಗು ಇರುವಷ್ಟು. ಅದಕ್ಕೊಂದು ಅಳತೆಯ ತಗಡು ಸಿಗುತ್ತದೆ, ಕಣ್ಣಂದಾಜು ಬೇಡ. ಹೆಚ್ಚು ಇಳಿಸಿದರೆ ಹಲ್ಲು ಕಟ್ಟಿಗೆಯನ್ನು ಗಬಕ್ಕನೆ ಕಚ್ಚುತ್ತದೆ, ಗಟ್ಟಿ ಮರದಲ್ಲಿ ಮಷಿನ್ ಜಗ್ಗಿ ಚಿಮ್ಮುತ್ತದೆ. ಬೇಗ ಕೊಯ್ಯಲಿ ಎಂದು ಮೂಗನ್ನೇ ಪೂರ್ತಿ ಉಜ್ಜಿ ತೆಗೆಯುವುದು ಎತ್ತಿನ ಮೂಗುದಾರ ಕತ್ತರಿಸಿ ಹೂಡಿದಂತೆ.

ಬಾರು, ಎಣ್ಣೆ, ಬಿಗಿ

ಹೈನೆಯ ಅಲಗಿಗೆ ಮರಳೋಣ. ಬಾರಿನ ಕೆಳಗಂಚು ಹೆಚ್ಚು ಸವೆಯುತ್ತದೆ, ಕೊಯ್ಯುವುದು ಅದರ ಕಡೆಯಿಂದಲೇ. ಆದ್ದರಿಂದ ಪ್ರತಿ ಸಲ ಚೈನ್ ಮಸೆದಾಗ ಬಾರನ್ನು ತಿರುವಿ ಹಾಕಿ. ಕಂಪನಿ ಹೆಸರು ತಲೆಕೆಳಗಾದರೆ ಆಗಲಿ. ಗಾಡಿಯೊಳಗಿನ ಹೊಟ್ಟು, ಎಣ್ಣೆ ಬರುವ ತೂತು ಕಡ್ಡಿ ಹಾಕಿ ಸ್ವಚ್ಛ ಮಾಡಿ. ಅಂಚುಗಳ ಹೊರಗೆ ಬೆರಳು ಆಡಿಸಿ ನೋಡಿ, ಎಂಜಿನ್ ನಿಲ್ಲಿಸಿ, ನಿಧಾನವಾಗಿ. ಬ್ಲೇಡಿನಂಥ ಎಳೆ ಎದ್ದಿದ್ದರೆ ಚಪ್ಪಟೆ ಕಾನಸಿನಿಂದ ತೆಗೆಯಿರಿ. ಬಾರ್ ಮೈ ಎಲ್ಲಾದರೂ ನೀಲಿಗಟ್ಟಿದ್ದರೆ ಅಲ್ಲಿ ಎಣ್ಣೆ ಸಿಗದೆ ಸುಟ್ಟಿದೆ ಎಂದರ್ಥ. ಗಾಡಿ ಅಗಲವಾಗಿದೆಯೇ ಎಂದು ನೋಡಲು ಒಂದು ಸ್ಕೇಲನ್ನು ಬಾರಿನ ಮೈಗೆ, ಚೈನಿನ ಪಕ್ಕಕ್ಕೆ ತಾಗಿಸಿ ಹಿಡಿಯಿರಿ. ಸ್ಕೇಲಿಗೂ ಬಾರಿಗೂ ನಡುವೆ ಸಣ್ಣ ಸಂದು ಕಂಡರೆ ಸರಿ. ಚೈನ್ ವಾಲಿ ಸ್ಕೇಲು ಬಾರಿಗೆ ಅಂಟಿದರೆ ಗಾಡಿ ಹೋಗಿದೆ. ಸುತ್ತಿಗೆಯಿಂದ ಬಡಿದು ಗಾಡಿ ಬಿಗಿ ಮಾಡಿಕೊಡುವವರಿದ್ದಾರೆ. ಬಾರಿನ ಅಂಚು ಕಾಯಿಸಿ ಗಟ್ಟಿ ಮಾಡಿದ ಉಕ್ಕು. ಒಂದು ಕಡೆ ಬಿಗಿಯಾಗಿ ಇನ್ನೊಂದು ಕಡೆ ಸಡಿಲ ಉಳಿದರೆ ಚೈನ್ ಸಿಕ್ಕಿ ಕಳಚುತ್ತದೆ.

ಎಣ್ಣೆಯ ವಿಷಯದಲ್ಲಿ ನಮ್ಮಲ್ಲಿ ಟ್ರ್ಯಾಕ್ಟರಿನ ಸುಟ್ಟ ಎಣ್ಣೆಯೇ ಗತಿ ಎಂಬ ನಂಬಿಕೆ ಇದೆ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಬಾರನ್ನು ಉಜ್ಜುತ್ತದೆ, ಎಣ್ಣೆಯ ಪಂಪನ್ನು ಕಟ್ಟುತ್ತದೆ. ಆ ಎಣ್ಣೆಯೆಲ್ಲ ಹಾರಿ ಬೀಳುವುದು ನಿಮ್ಮ ಮೈಮೇಲೆ, ನಿಮ್ಮದೇ ಹೊಲದ ಮೇಲೆ. ಚರ್ಮಕ್ಕೂ ಮಣ್ಣಿಗೂ ಅದು ವಿಷ. ಚೈನಿನ ಎಣ್ಣೆ ಸಿಗದಿದ್ದರೆ ಹೊಸ ಎಂಜಿನ್ ಎಣ್ಣೆಯಾದರೂ ಹಾಕಿ. ನಮ್ಮ ಬೇಸಿಗೆಯಲ್ಲಿ ಬಿಸಿಲಿಗೆ ಎಣ್ಣೆ ನೀರಾಗುತ್ತದೆ, ಆಗ ಮಂದ ಎಣ್ಣೆ ಬೇಕು. ಎಣ್ಣೆ ಬರುತ್ತಿದೆಯೇ ಎಂದು ತಿಳಿಯಲು ಬಾರಿನ ಮೂಗನ್ನು ಒಣ ಹಲಗೆಯ ಎದುರು, ತಾಗಿಸದೆ, ಹಿಡಿದು ಅರ್ಧ ರೇಸ್ ಕೊಡಿ. ಹಲಗೆಯ ಮೇಲೆ ಎಣ್ಣೆಯ ಗೆರೆ ಮೂಡಬೇಕು.

ಬಿಗಿ ಎಷ್ಟಿರಬೇಕು? ಮಷಿನ್ ತಣ್ಣಗಿರುವಾಗ ಚೈನ್ ಬಾರಿನ ಕೆಳಗಂಚಿಗೆ ಅಂಟಿರಬೇಕು, ಕೈಯಿಂದ ಎಳೆದರೆ ಓಡಬೇಕು. ಹೊಸ ಚೈನ್ ಮೊದಲ ದಿನ ಬೇಗ ಸಡಿಲವಾಗುತ್ತದೆ, ಆಗಾಗ ನೋಡುತ್ತಿರಿ. ಬಿಸಿಯಾದ ಚೈನ್ ಹಿಗ್ಗುತ್ತದೆ, ಕೆಲಸದ ನಡುವೆ ಬಿಗಿ ಮಾಡಿಕೊಳ್ಳುತ್ತೀರಿ, ಸಂಜೆ ಹಾಗೇ ಮೂಲೆಗಿಡುತ್ತೀರಿ. ರಾತ್ರಿ ತಣ್ಣಗಾದಾಗ ಅದು ಕುಗ್ಗಿ ಎಂಜಿನ್ನಿನ ಶಾಫ್ಟನ್ನು, ಬೇರಿಂಗನ್ನು ಜಗ್ಗುತ್ತದೆ. ಕೆಲಸ ಮುಗಿದ ಮೇಲೆ ಚೈನ್ ಸಡಿಲ ಮಾಡಿ ಇಡಬೇಕೆಂಬುದು ಕಂಪನಿಯ ಪುಸ್ತಕದಲ್ಲೇ ಇದೆ. ಪುಸ್ತಕ ಮಾತ್ರ ಡಬ್ಬಿಯ ಜೊತೆಗೇ ಒಲೆಗೆ ಹೋಗಿರುತ್ತದೆ.

ಹರಿದ ಚೈನನ್ನು ಮೊಳೆ, ಸುತ್ತಿಗೆ ಹಿಡಿದು ರಿವಿಟ್ ಬಡಿದು ಜೋಡಿಸುವುದು ಬೇಡ. ಹರಿದ ತುಂಡು ಗುಂಡಿನಂತೆ ಹಾರುತ್ತದೆ. ರಿವಿಟ್ ತಿರುಗಿಸಿ ಕೂಡಿಸುವ ಯಂತ್ರ ಇರುವ ಅಂಗಡಿಯಲ್ಲೇ ಮಾಡಿಸಿ. ಎರಡು ಚೈನ್ ಕೊಂಡು ಒಂದಾದ ಮೇಲೊಂದರಂತೆ ಅದಲು ಬದಲು ಓಡಿಸುವುದು ಒಳ್ಳೆಯ ಉಪಾಯ. ಸ್ಪ್ರಾಕೆಟ್ ಎರಡಕ್ಕೂ ಒಂದೇ ರೀತಿ ಸವೆಯುತ್ತದೆ. ಎರಡೂ ಮುಗಿದಾಗ ಸ್ಪ್ರಾಕೆಟ್ಟನ್ನೂ ಬದಲಿಸಿ. ಹಳೇ ಸ್ಪ್ರಾಕೆಟ್ಟಿಗೆ ಹೊಸ ಚೈನ್ ಹಾಕಿದರೆ ಹೊಸದೂ ವಾರದಲ್ಲೇ ಹಳೆಯದಾಗುತ್ತದೆ.

ಒಂದು ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ. ಮರ ನಿಮ್ಮ ಹೊಲದ್ದೇ ಆದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಕೆಲವು ಜಾತಿಗೆ ವಿನಾಯಿತಿ ಇದೆ, ಉಳಿದವಕ್ಕೆ ಅನುಮತಿ ಬೇಕು. ಕೊಯ್ಯಲು ಕರೆದವರ ಹತ್ತಿರ ಅನುಮತಿ ಪತ್ರ ಕೇಳಿ ನೋಡಿದ ಮೇಲೆ ಮಷಿನ್ ಎಳೆಯಿರಿ. ಸಿಕ್ಕಿಬಿದ್ದಾಗ ಮಷಿನ್ ಸಮೇತ ಸ್ಥಳದಲ್ಲಿರುವವರು ನೀವು.

ಮಸೆದು ಮಸೆದು ಹಲ್ಲಿನ ನೆತ್ತಿ 4 ಮಿಲಿಮೀಟರಿಗೆ ಇಳಿದರೆ, ಅಥವಾ ಹಿಂದಿನ ಓರೆ ಗೆರೆಯವರೆಗೆ ಬಂದರೆ, ಆ ಚೈನಿನ ಆಯುಷ್ಯ ಮುಗಿಯಿತು. ಸರಿಯಾಗಿ ಮಸೆದರೆ ಅಷ್ಟು ದೂರ ಬರುವ ಹೊತ್ತಿಗೆ ಒಂದೇ ಚೈನ್ ಹತ್ತಾರು ಸಲ ಕಾನಸು ಕಂಡಿರುತ್ತದೆ. ಮುಂದಿನ ಸಲ ಕಲಬುರಗಿಗೆ ಹೋಗುವಾಗ ಆ ಹಳೇ ಚೈನನ್ನು ಬಟ್ಟೆಯಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ಹೊಸದನ್ನು ಅದರ ಪಕ್ಕ ಹಾಸಿ ಲಿಂಕ್ ಲೆಕ್ಕ ಹಾಕಿಸಿ, ಹಲ್ಲಿನ ಭುಜ ದುಂಡಗಿದೆಯೇ ನೋಡಿ, 4.8ರ ಗುಂಡು ಕಾನಸು ಎರಡು, ಚಪ್ಪಟೆಯದು ಒಂದು ಕಟ್ಟಿಸಿಕೊಳ್ಳಿ.